ಈ ಖಾತೆ ಖರೇದೇನ್ರೀ?

2022ರ ಡಿಸೆಂಬರ್ 14ರಂದು ದಿಲ್ಲಿಯ ಸಂಸತ್ ಭವನದಲ್ಲಿ ಗೃಹ ಸಚಿವ ಅಮಿತ್ ಶಾ ಕರ್ನಾಟಕ ಮತ್ತು ಮಹಾರಾಷ್ಟ್ರದ ಮುಖ್ಯಮಂತ್ರಿಗಳನ್ನು ಕೂರಿಸಿಕೊಂಡು ಮಾತಾಡಿದರು. ಒಂದು ಕಡೆ ಬಸವರಾಜ ಬೊಮ್ಮಾಯಿ, ಇನ್ನೊಂದು ಕಡೆ ಏಕನಾಥ ಶಿಂದೆ. ಅದಕ್ಕೂ ವಾರದ ಹಿಂದೆ ಬೆಳಗಾವಿಯ ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಹತ್ತಿತ್ತು. ಸಭೆ ಮುಗಿಸಿ ಹೊರಬಂದ ಶಾ ಹೇಳಿದ ಮಾತುಗಳಲ್ಲಿ ಹೆಚ್ಚಿನವು ಗಡಿಯ ಜನ ಮೊದಲೇ ಊಹಿಸಿದ್ದವು. ಸುಪ್ರೀಂ ಕೋರ್ಟಿನ ತೀರ್ಪು ಬರುವ ತನಕ ಯಾರೂ ಯಾರ ಊರನ್ನೂ ಕೇಳಬಾರದು, ಎರಡೂ ಕಡೆಯಿಂದ ಮೂವರಂತೆ ಆರು ಸಚಿವರು ಕೂತು ಮಾತಾಡಬೇಕು, ಇತ್ಯಾದಿ. ಊಹಿಸದೇ ಇದ್ದದ್ದು ಒಂದೇ. ದೊಡ್ಡ ನಾಯಕರ ಹೆಸರಿನಲ್ಲಿ ನಡೆದಿರುವ ನಕಲಿ ಟ್ವಿಟರ್ ಖಾತೆಗಳು ಈ ಜಗಳವನ್ನು ಹೆಚ್ಚಿಸಿವೆ, ಅವುಗಳ ಮೇಲೆ ಎಫ್‌ಐಆರ್ ಆಗುತ್ತದೆ ಎಂದರು.

ಮುಂದಿನ ವಾರ ನಾಗಪುರದಲ್ಲಿ ಶುರುವಾದ ಅಧಿವೇಶನದಲ್ಲಿ ಮಹಾರಾಷ್ಟ್ರದ ವಿರೋಧ ಪಕ್ಷದವರು ಅದನ್ನೇ ಹಿಡಿದುಕೊಂಡರು. ಬೊಮ್ಮಾಯಿ ಹೆಸರಿನಲ್ಲಿ ಬಂದ ಆ ಟ್ವೀಟುಗಳು ಅಧಿಕೃತ ಖಾತೆಯವೇ ಅಲ್ಲವೇ, ಹಾಗಿದ್ದರೆ ನಕಲಿ ಯಾವುದು ಎಂದು ಕೇಳಿದರು. ಅರವತ್ತಕ್ಕೂ ಹೆಚ್ಚು ವರ್ಷಗಳ ಗಡಿ ವ್ಯಾಜ್ಯದಲ್ಲಿ ನಕಾಶೆ, ಜನಗಣತಿ, ಗಡಿ ತೀರ್ಮಾನಕ್ಕೆ ಕೇಂದ್ರ ನೇಮಿಸಿದ್ದ ಮಹಾಜನ ಆಯೋಗದ 1967ರ ವರದಿ ಎಲ್ಲವೂ ಸಾಕ್ಷಿಗೆ ಬಂದು ಹೋಗಿವೆ. ಒಂದು ಟ್ವಿಟರ್ ಖಾತೆ ಖರೆಯದೋ ಸುಳ್ಳೋ ಎಂಬ ತಕರಾರು ಮಾತ್ರ ಹೊಸದು.

ಈ ಎಲ್ಲ ಗದ್ದಲದ ನಡುವೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟದ ಹೆಸರು ಪದೇ ಪದೇ ಬರುತ್ತಿತ್ತು. ಸೊಲ್ಲಾಪುರ ಮತ್ತು ಅಕ್ಕಲಕೋಟದ ಕನ್ನಡ ಸೀಮೆ ಕರ್ನಾಟಕಕ್ಕೆ ಸೇರಬೇಕು ಎಂದು ಬೊಮ್ಮಾಯಿ ನವೆಂಬರ್ ಕೊನೆಯಲ್ಲಿ ಹೇಳಿದ್ದರು. ಮಹಾಜನ ಆಯೋಗವೂ ಅಕ್ಕಲಕೋಟದ ಬಗ್ಗೆ ಅದನ್ನೇ ಹೇಳಿತ್ತು. ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆ ದಾವೆ ಅಲ್ಲೇ ಇದೆ, ಅಕ್ಕಲಕೋಟ ಇಲ್ಲೇ ಇದೆ. ಕಲಬುರಗಿಯ ಆಳಂದ, ಅಫಜಲಪುರ ಒಂದು ಮಗ್ಗುಲಿಗೆ, ವಿಜಯಪುರದ ಇಂಡಿ ಇನ್ನೊಂದು ಮಗ್ಗುಲಿಗೆ.

ಟ್ವಿಟರಿನ ಮಟ್ಟಿಗೆ ಆ ಡಿಸೆಂಬರ್ ವಿಚಿತ್ರವಾದ ಕಾಲ. ಇಲಾನ್ ಮಸ್ಕ್ ಕಂಪನಿ ಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಅಲ್ಲಿಯ ತನಕ ಹೆಸರಿನ ಪಕ್ಕದ ನೀಲಿ ಟಿಕ್ ಅಂದರೆ ಈ ಮನುಷ್ಯ ಇವನೇ ಎಂದು ಕಂಪನಿ ನೋಡಿ ಹಾಕಿದ ಗುರುತು. ಮಸ್ಕ್ ಅದನ್ನು ತಿಂಗಳಿಗೆ ಎಂಟು ಡಾಲರಿಗೆ ಮಾರಾಟಕ್ಕಿಟ್ಟರು. ನವೆಂಬರಿನಲ್ಲಿ ಅಮೆರಿಕದ ಔಷಧ ಕಂಪನಿ ಇಲಾಯ್ ಲಿಲ್ಲಿಯ ಹೆಸರಿನಲ್ಲಿ ಯಾರೋ ಟಿಕ್ ಕೊಂಡು ಇನ್ಸುಲಿನ್ ಇನ್ನು ಮುಂದೆ ಪುಕ್ಕಟೆ ಎಂದು ಬರೆದ ಮೇಲೆ ಗಾಬರಿಯಾಗಿ ಮಾರಾಟ ನಿಲ್ಲಿಸಿದರು. ಮತ್ತೆ ಶುರು ಮಾಡಿದ್ದು ಡಿಸೆಂಬರ್ 12ಕ್ಕೆ, ದಿಲ್ಲಿಯ ಸಭೆಗೆ ಎರಡು ದಿನ ಮುಂಚೆ. ಗುರುತು ಕೊಡುವ ವ್ಯವಸ್ಥೆಯೇ ಹೀಗೆ ಅಲ್ಲಾಡುತ್ತಿದ್ದ ಹೊತ್ತಿಗೆ ಎರಡು ರಾಜ್ಯಗಳು ಯಾವ ಖಾತೆ ಯಾರದು ಎಂದು ಜಗಳವಾಡುತ್ತಿದ್ದವು.

ಓದುಗರು ಈ ಅಂಕಣಕ್ಕೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇಷ್ಟು ದೊಡ್ಡದಲ್ಲ. ಮುಖ್ಯಮಂತ್ರಿಗಳದ್ದು ಬಿಡಿ, ನಮ್ಮಂಥವರು ಇನ್‌ಸ್ಟಾಗ್ರಾಮಿನಲ್ಲಿ, ಯೂಟ್ಯೂಬಿನಲ್ಲಿ ಸಹಜವಾಗಿ ಇರುವುದು ಹ್ಯಾಗೆ? ನೋಡಿದವರಿಗೆ ‘ಇವ ನಮ್ಮವ’ ಅನ್ನಿಸುವುದು ಹ್ಯಾಗೆ? ಬಟ್ಟೆ ಅಂಗಡಿಯವರು ಕೇಳುತ್ತಾರೆ, ಭಜನೆ ಹಾಡುವವರು ಕೇಳುತ್ತಾರೆ, ಕಾಲೇಜಿನ ಹುಡುಗಿಯರು ಕೇಳುತ್ತಾರೆ. ಅವರು ಓದಿರುವ ಉತ್ತರಗಳೆಲ್ಲ ಒಂದೇ ರಾಗದವು: ನೀವು ನೀವಾಗಿರಿ, ಮನಸ್ಸು ಬಿಚ್ಚಿ ಮಾತಾಡಿ, ಕೊರತೆಗಳನ್ನು ಮುಚ್ಚಬೇಡಿ. ಕೇಳಲಿಕ್ಕೆ ಚೆಂದ. ಅಕ್ಕಲಕೋಟದಂಥ ಊರಿನಲ್ಲಿ ನಿಂತು ಅದನ್ನು ಪಾಲಿಸಹೊರಟರೆ ಮೊದಲ ಹೆಜ್ಜೆಗೇ ತೊಡಕು. ಇಲ್ಲಿ ‘ನೀವು’ ಅಂದರೆ ಯಾವ ಭಾಷೆಯ ನೀವು?

ದುಧನಿ, ಮೈಂದರ್ಗಿ, ನಾಗಣಸೂರಿನ ಕಡೆಯ ಮನೆಗಳಲ್ಲಿ ಬೆಳಗಿನ ಚಹಾ ಕನ್ನಡದಲ್ಲಿ ಆಗುತ್ತದೆ. ತಾಲೂಕು ಕಚೇರಿಯ ಅರ್ಜಿ ಮರಾಠಿಯಲ್ಲಿ. ಸ್ವಾಮಿ ಸಮರ್ಥರ ವಟವೃಕ್ಷ ಮಂದಿರದ ಸರದಿಯಲ್ಲಿ ನಿಂತ ಮುಂಬೈ, ಪುಣೆಯ ಭಕ್ತರಿಗೆ ದಾರಿ ಹೇಳುವುದು ಮರಾಠಿಯಲ್ಲಿ, ಅಲ್ಲಿಂದ ಗಾಣಗಾಪುರಕ್ಕೆ ಹೋಗುವ ಗಾಡಿಯವನ ಜೊತೆ ಬಾಡಿಗೆ ಕುದುರಿಸುವುದು ಕನ್ನಡದಲ್ಲಿ. ಕನ್ನಡ ಶಾಲೆಯ ಮಕ್ಕಳ ಪುಸ್ತಕ ಪುಣೆಯ ಬಾಲಭಾರತಿಯಿಂದ ಅಚ್ಚಾಗಿ ಬರುತ್ತದೆ. ನಾಲ್ಕನೇ ಇಯತ್ತೆಯಲ್ಲಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಆ ಮಕ್ಕಳು ಕನ್ನಡದಲ್ಲಿ ಓದುತ್ತಾರೆ. ಸೊಲ್ಲಾಪುರ ಪೇಟೆಗೆ ಹೋದರೆ ಇವೆರಡರ ಮೇಲೆ ಪದ್ಮಶಾಲಿ ನೇಕಾರರ ತೆಲುಗು, ಹಳೆ ಮೊಹಲ್ಲಾಗಳ ದಖನಿ. ಜನವರಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಮೆರವಣಿಗೆ ಹೊರಟಾಗ ಜಯಕಾರ ಇಂಥ ಭಾಷೆಯದೇ ಎಂದು ಬೇರ್ಪಡಿಸುವುದು ಕಷ್ಟ. ಸೊನ್ನಲಿಗೆಯ ಸಿದ್ಧರಾಮನನ್ನು ಕನ್ನಡಿಗರು ವಚನಕಾರನೆಂದು ಓದುತ್ತಾರೆ, ಸೊಲ್ಲಾಪುರದವರು ಭಾಷೆ ಯಾವುದೇ ಇರಲಿ, ಊರ ದೇವರೆಂದು ಹೊತ್ತು ನಡೆಯುತ್ತಾರೆ.

ಹೀಗಿರುವ ಊರಿನ ಹುಡುಗ ಫೋನ್ ಎತ್ತಿ ಕ್ಯಾಮೆರಾಕ್ಕೆ ಮುಖ ಕೊಟ್ಟಾಗ ಬಾಯಿಗೆ ಬರುವ ಮೊದಲ ವಾಕ್ಯದಲ್ಲಿ ಮರಾಠಿಯೂ ಇರುತ್ತದೆ, ಕನ್ನಡವೂ ಇರುತ್ತದೆ. ‘ಪಾವಣ್ಯಾರು ಬರಲಾಕತ್ತಾರ, ಗಾಡಿ ಸ್ಟ್ಯಾಂಡಿಗೆ ಲಾವ ಅಂತ ಹೇಳೀನಿ’ ಎಂಬಂಥ ಮಾತು ಅವನಿಗೆ ಸಹಜ. ಹಾಗೇ ಹಾಕಿದರೆ ಬೆಂಗಳೂರಿನ ಒಬ್ಬ ಕೆಳಗೆ ಬರೆಯುತ್ತಾನೆ: ಇದು ಯಾವ ಕನ್ನಡ, ಮೊದಲು ಸರಿಯಾಗಿ ಕಲಿ. ಕೊಲ್ಹಾಪುರದ ಒಬ್ಬ ಬರೆಯುತ್ತಾನೆ: ಮಹಾರಾಷ್ಟ್ರದಲ್ಲಿದ್ದೀಯಾ, ಮರಾಠಿ ಮಾತಾಡು. ಹುಡುಗ ಎರಡು ದಿನ ತಲೆ ಕೆಡಿಸಿಕೊಂಡು ಮುಂದಿನ ವಿಡಿಯೊದಲ್ಲಿ ಧಾರಾವಾಹಿಯ ಕನ್ನಡ ಆಡುತ್ತಾನೆ. ಅವನ ಓಣಿಯವರು ನಗುತ್ತಾರೆ. ಆ ಮೂರು ಗುಂಪಿನಲ್ಲಿ ಅವನನ್ನು ಬಲ್ಲವರು ಓಣಿಯವರು ಮಾತ್ರ ಎಂಬುದನ್ನು ಅವನು ಮರೆಯಬಾರದು ಎಂದು ಈ ಅಂಕಣಕಾರನಿಗೆ ಅನ್ನಿಸುತ್ತದೆ.

ಇದಕ್ಕೆ ಮಾಧ್ಯಮ ಅಧ್ಯಯನದವರು ಕೊಟ್ಟ ವಿವರಣೆ ಇದೆ. ಅಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ ಎಂಬ ಇಬ್ಬರು ಅಮೆರಿಕದ ಸಂಶೋಧಕಿಯರು ಟ್ವಿಟರ್ ಬಳಸುವವರನ್ನು ಮಾತಾಡಿಸಿ 2011ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದು ಬರುತ್ತದೆ. ಮನುಷ್ಯ ಮನೆಯಲ್ಲಿ ಒಂದು ಥರ, ಕಚೇರಿಯಲ್ಲಿ ಒಂದು ಥರ, ಗೆಳೆಯರ ಕಟ್ಟೆಯಲ್ಲಿ ಇನ್ನೊಂದು ಥರ ಇರುತ್ತಾನೆ. ಅದು ಸುಳ್ಳಲ್ಲ, ಎಲ್ಲವೂ ಅವನೇ. ಸಾಮಾಜಿಕ ಜಾಲತಾಣ ಮಾಡುವುದೇನೆಂದರೆ ಮನೆಯವರು, ಸಾಹೇಬರು, ಗೆಳೆಯರು, ಗುರುತಿಲ್ಲದವರು ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸುತ್ತದೆ. ಯಾರಿಗೆ ಅಂತ ಮಾತಾಡುವುದು? ಜನ ಆಗ ಎರಡರಲ್ಲಿ ಒಂದು ಮಾಡುತ್ತಾರೆ ಎಂದು ಅವರು ಕಂಡುಕೊಂಡರು: ಯಾರೋ ಕೆಲವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡುತ್ತಾರೆ, ಇಲ್ಲವೇ ಯಾರಿಗೂ ನೋವಾಗದಂತೆ ಸಪ್ಪೆಯಾಗುತ್ತಾರೆ.

2022ರ ಅದೇ ಚಳಿಗಾಲದಲ್ಲಿ ಅಕ್ಕಲಕೋಟ ತಾಲೂಕಿನ 11 ಗ್ರಾಮ ಪಂಚಾಯಿತಿಗಳಿಗೆ ಆದದ್ದು ಇದಕ್ಕಿಂತ ದೊಡ್ಡ ಉದಾಹರಣೆ. ರಸ್ತೆ ಇಲ್ಲ, ನೀರಿಲ್ಲ, ಯಾರೂ ಕೇಳುವವರಿಲ್ಲ, ನಮ್ಮನ್ನು ಕರ್ನಾಟಕಕ್ಕೆ ಸೇರಿಸಿಬಿಡಿ ಎಂದು ಅವು ಠರಾವು ಮಾಡಿದವು. ಊರಿನಲ್ಲಿ ಆ ಠರಾವಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಅದು ಸರ್ಕಾರದ ಕಿವಿ ಹಿಂಡುವ ಕೆಲಸ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿಗಳು ನೀರಿಗಾಗಿ ಹತ್ತು ವರ್ಷ ಮೊದಲೇ ಮಾಡಿದ್ದ ಕೆಲಸ. ಅದೇ ಠರಾವಿನ ಫೋಟೊ ಮತ್ತು ವಿಡಿಯೊ ಫೋನಿನಿಂದ ಫೋನಿಗೆ ಹೊರಟಾಗ ಬೆಂಗಳೂರಿನಲ್ಲಿ ಅದು ಕನ್ನಡಾಭಿಮಾನದ ಕೂಗಾಯಿತು, ಮುಂಬೈಯಲ್ಲಿ ದ್ರೋಹವಾಯಿತು. ಸೊಲ್ಲಾಪುರ ಜಿಲ್ಲಾಡಳಿತ ಪಂಚಾಯಿತಿಗಳಿಗೆ ನೋಟಿಸ್ ಕೊಟ್ಟಿತು, ಬಹುಪಾಲು ಪಂಚಾಯಿತಿಗಳು ಠರಾವನ್ನು ಹಿಂದಕ್ಕೆ ತೆಗೆದುಕೊಂಡವು. ಅಲ್ಲಿ ಯಾರೂ ನಾಟಕ ಮಾಡಿರಲಿಲ್ಲ. ತೊಂದರೆ ಖರೇನೇ ಇತ್ತು, ಸಿಟ್ಟೂ ಖರೇನೇ ಇತ್ತು. ನೋಡಿದವರಿಗೆ ಊರು ಗೊತ್ತಿರಲಿಲ್ಲ, ಅಷ್ಟೇ. ಪ್ರಾಮಾಣಿಕವಾಗಿದ್ದರೆ ಸಾಕು, ಜನಕ್ಕೆ ತಾನಾಗಿ ಮುಟ್ಟುತ್ತದೆ ಎಂದು ಸಲಹೆ ಕೊಡುವವರು ಈ ಪ್ರಕರಣವನ್ನು ಒಮ್ಮೆ ನೋಡಬೇಕು.

ಮುಟ್ಟುವುದು ಹ್ಯಾಗೆ ಎಂಬುದಕ್ಕೆ ಇನ್ನೊಂದು ದಿಕ್ಕಿನಿಂದ ಬರಬಹುದು. 2024ರ ಅಕ್ಟೋಬರಿನಲ್ಲಿ ಬಿಗ್ ಬಾಸ್ ಮರಾಠಿಯ ಐದನೇ ಆವೃತ್ತಿಯನ್ನು ಗೆದ್ದದ್ದು ಸೂರಜ್ ಚವ್ಹಾಣ, ಬಾರಾಮತಿ ತಾಲೂಕಿನ ಮೋಢವೆ ಎಂಬ ಹಳ್ಳಿಯ ಹುಡುಗ, ಟಿಕ್‌ಟಾಕ್‌ನಿಂದ ಹೆಸರಾದವನು. ನಾಲ್ಕು ತಿಂಗಳೊಳಗೆ, 2025ರ ಜನವರಿಯಲ್ಲಿ, ಬಿಗ್ ಬಾಸ್ ಕನ್ನಡದ ಹನ್ನೊಂದನೇ ಆವೃತ್ತಿ ಗೆದ್ದದ್ದು ಹಾವೇರಿ ಜಿಲ್ಲೆಯ ಹನುಮಂತ, ಕುರಿ ಕಾಯುತ್ತ ಹಾಡು ಕಲಿತು ಸರಿಗಮಪ ವೇದಿಕೆಗೆ ಬಂದವನು, ಲುಂಗಿ ಬಿಡದೆ ಮನೆಯೊಳಗೆ ಓಡಾಡಿದವನು. ಅಕ್ಕಲಕೋಟದ ಮನೆಗಳಲ್ಲಿ ಈ ಎರಡೂ ಕಾರ್ಯಕ್ರಮ ನಡೆಯುತ್ತವೆ. ಎರಡನ್ನೂ ಬಿಡದೆ ನೋಡುವ ಮನೆಗಳು ಬೇರೆ ಕಡೆ ಕಡಿಮೆ. ಇಬ್ಬರ ಬಗ್ಗೆಯೂ ಒಂದೇ ಪ್ರಶ್ನೆ ಎದ್ದಿತು: ಇವನು ನಿಜವಾಗಿ ಇಷ್ಟು ಮುಗ್ಧನೋ, ಆಟಕ್ಕಾಗಿ ಹೀಗಿದ್ದಾನೋ? ಎರಡೂ ಚಾನೆಲ್ ಒಂದೇ ಕಂಪನಿಯ ಕಲರ್ಸ್ ಬಳಗದವು ಎಂಬುದನ್ನು ಕೇಳಿದವರು ಕಡಿಮೆ. ಹಳ್ಳಿ ಹುಡುಗನ ಸಾಚಾತನಕ್ಕೆ ಎರಡು ಭಾಷೆಯಲ್ಲೂ ಗಿರಾಕಿ ಇದ್ದಾರೆಂದು ಕಂಪನಿಗೆ ಗೊತ್ತಿತ್ತು. ಹಾಗಂತ ಗೆದ್ದವರು ಸುಳ್ಳರಲ್ಲ. ಖರೇ ಇದ್ದದ್ದನ್ನೇ ಮಾರಾಟಕ್ಕೆ ಇಡಬಹುದು, ಅದರಲ್ಲಿ ವಿರೋಧವಿಲ್ಲ. ಸಾಚಾತನವನ್ನೇ ಸರಕು ಮಾಡಿದ ಬಿರಿಯಲ್ ಎಂಬ ಫ್ರಾನ್ಸಿನ ಆ್ಯಪು 2020ರಲ್ಲಿ ಹುಟ್ಟಿತು. ದಿನಕ್ಕೊಮ್ಮೆ ಗಂಟೆ ಬಾರಿಸಿ, ಎರಡು ನಿಮಿಷದೊಳಗೆ ಇದ್ದ ಹಾಗೇ ಫೋಟೊ ತೆಗೆಯಿರಿ ಎನ್ನುತ್ತಿತ್ತು. 2024ರಲ್ಲಿ ಅದು 50 ಕೋಟಿ ಯೂರೋಗೆ ಮಾರಾಟವಾಯಿತು.

ಟಿಕ್‌ಟಾಕ್ ಬಂದಾಗಲೇ ಈ ಕಡೆಯ ಬಾಯಿಗೆ ಮೊದಲ ಸಲ ಬಾಗಿಲು ತೆರೆದದ್ದು. ಅದಕ್ಕೂ ಮುಂಚೆ ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ಅಂದರೆ ಬಹುಮಟ್ಟಿಗೆ ನಗಿಸುವ ಪಾತ್ರದ ಮಾತು. ಸೊಲ್ಲಾಪುರ, ಅಕ್ಕಲಕೋಟದ ಕನ್ನಡಕ್ಕೆ ಅಷ್ಟೂ ಜಾಗ ಇರಲಿಲ್ಲ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪುಗಳನ್ನು ನಿಷೇಧಿಸಿತು. ಮುಂದಿನ ವಾರವೇ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ತೆರೆಯಿತು, ಜನ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋದರು. ಈಗ ಬೆಳಗಾವಿ ಗಡಿಯ ರಾಯಬಾಗ ಕಡೆಯ ಮಾಳು ನಿಪನಾಳ ತಮ್ಮ ಊರಿನ ಬಾಯಲ್ಲೇ ಹಾಡಿದ ಜನಪದ ಧಾಟಿಯ ಹಾಡುಗಳು ಮೈಸೂರಿನ ಮದುವೆಗಳಲ್ಲೂ ಕೇಳುತ್ತವೆ. ದೇಶ ಸುತ್ತುವ ಡಾ. ಬ್ರೋ ಗಗನ್ ಶ್ರೀನಿವಾಸ್ ಅಫ್ಘಾನಿಸ್ತಾನದಲ್ಲೂ ಅದೇ ‘ನಮಸ್ಕಾರ ದೇವ್ರು’ ಎನ್ನುತ್ತಾರೆ. ಕಾಬೂಲಿಗೆ ಅಂತ ಬೇರೆ ಧ್ವನಿ ತಂದುಕೊಂಡಿಲ್ಲ.

ಯಂತ್ರದ ಕಡೆಯಿಂದ ನೋಡಿದರೂ ಊರ ಮಾತು ಹೀಗೆ ದೂರ ಮುಟ್ಟುವುದಕ್ಕೆ ಕಾರಣವಿದೆ. ಇನ್‌ಸ್ಟಾಗ್ರಾಮಿನ ಮುಖ್ಯಸ್ಥ ಆ್ಯಡಂ ಮೊಸ್ಸೆರಿ 2025ರ ಆರಂಭದಲ್ಲಿ ಹೇಳಿದ ಪ್ರಕಾರ, ಒಂದು ರೀಲ್ ಎಷ್ಟು ಜನಕ್ಕೆ ತೋರಿಸಬೇಕೆಂದು ತೀರ್ಮಾನಿಸುವಾಗ ಅವರ ವ್ಯವಸ್ಥೆ ಮುಖ್ಯವಾಗಿ ಮೂರು ಸಂಗತಿ ನೋಡುತ್ತದೆ: ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಅದನ್ನು ಇನ್ನೊಬ್ಬರಿಗೆ ಕಳಿಸಿದರು. ಗುರುತಿಲ್ಲದವರನ್ನು ತಲುಪಬೇಕಾದರೆ ಮೂರನೆಯದಕ್ಕೆ ತೂಕ ಹೆಚ್ಚು. ಜನ ಏನನ್ನು ಕಳಿಸುತ್ತಾರೆ? ಚೆಂದದ ಮುಖವನ್ನು ಲೈಕ್ ಮಾಡಿ ಮುಂದೆ ಹೋಗುತ್ತಾರೆ. ‘ನೋಡೋ, ನಮ್ಮ ಕಾಕಾನ ಹಂಗೇ ಮಾತಾಡ್ತಾನ’ ಅನ್ನಿಸಿದ್ದನ್ನು ಸೊಲ್ಲಾಪುರದಿಂದ ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕಿರುವ ತಮ್ಮನಿಗೆ ಕಳಿಸುತ್ತಾರೆ. ನಮ್ಮವನು ಅನ್ನಿಸುವ ಗುಣ ಹಾಗಾಗಿ ಬರೀ ಭಾವನೆಯ ಮಾತಲ್ಲ, ಲೆಕ್ಕಕ್ಕೆ ಸಿಗುವ ವಸ್ತು. ಅದು ಬರುವುದು ಸಣ್ಣ ವಿವರಗಳಿಂದ: ಬಸ್‌ಸ್ಟ್ಯಾಂಡಿನ ಯಾವ ಬಾಜು, ಕಡಕ್ ಭಾಕ್ರಿ ಮುರಿಯುವ ಸದ್ದು, ಶೇಂಗಾ ಚಟ್ನಿಗೆ ಮೊಸರೋ ಎಣ್ಣೆಯೋ ಎಂಬ ಅತ್ತೆ ಸೊಸೆಯ ವಾದ. ‘ನಮ್ಮ ಸಂಸ್ಕೃತಿ ಶ್ರೀಮಂತವಾದದ್ದು’ ಎಂಬ ವಾಕ್ಯವನ್ನು ಯಾರೂ ತಮ್ಮನಿಗೆ ಕಳಿಸುವುದಿಲ್ಲ.

ಈ ಆಪ್ತತೆ ಹಳೆಯ ವಿದ್ಯೆಯೇ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು 1956ರಲ್ಲೇ ರೇಡಿಯೊ, ಟಿವಿಯ ನಿರೂಪಕರ ಬಗ್ಗೆ ಬರೆದಿದ್ದರು. ನಿರೂಪಕ ಎದುರಿಗೆ ಕೂತವನಂತೆ ಹರಟುತ್ತಾನೆ, ನೋಡುವವನಿಗೆ ಗೆಳೆತನ ಬೆಳೆಯುತ್ತದೆ, ಆದರೆ ಆ ಗೆಳೆತನ ಒಂದೇ ಕಡೆಯದು. ನಿರೂಪಕನಿಗೆ ಇವನ ಹೆಸರೂ ಗೊತ್ತಿಲ್ಲ. ಅಕ್ಕಲಕೋಟದ ಸಣ್ಣ ಖಾತೆಗಳಲ್ಲಿ ಒಂದು ವ್ಯತ್ಯಾಸವಿದೆ. ಅಲ್ಲಿ ನೋಡುವವರಲ್ಲಿ ಮೊದಲ ಕೆಲವು ನೂರು ಜನ ಪರಿಚಯದವರು. ಮಾವನ ಹೊಲವನ್ನು ತನ್ನದೆಂದು ತೋರಿಸಿದರೆ ಮಾವನೇ ಕಮೆಂಟ್ ಹಾಕುತ್ತಾನೆ. ಬಾಡಿಗೆ ಬುಲೆಟ್ ಮೇಲೆ ಕೂತು ಸ್ವಂತದ್ದೆಂದು ಹೇಳಿದರೆ ಗ್ಯಾರೇಜಿನವನು ನಗುವ ಮುಖದ ಇಮೋಜಿ ಒತ್ತುತ್ತಾನೆ. ಇದು ಕಿರಿಕಿರಿ ನಿಜ, ವಿಶೇಷವಾಗಿ ಹುಡುಗಿಯರಿಗೆ. ಬಲ್ಲವರ ಕಣ್ಣು ಅಂದರೆ ಎಷ್ಟೋ ಸಲ ಕಾವಲಿನ ಕಣ್ಣು, ಮತ್ತು ಅದೇ ಕಾರಣಕ್ಕೆ ಮುಖ ತೋರಿಸದೆ ಬರೀ ಕೈ, ಒಲೆ, ರಂಗೋಲಿ ತೋರಿಸುವ ಖಾತೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅವು ಕಡಿಮೆ ಸಾಚಾ ಎಂದು ಹೇಳುವ ಧೈರ್ಯ ಯಾರಿಗಿದೆ? ಮುಖ ತೋರಿಸುವುದಕ್ಕೂ ಪ್ರಾಮಾಣಿಕತೆಗೂ ನಂಟಿಲ್ಲ. ಪರೀಕ್ಷಿಸಲು ಬಲ್ಲವರು ಎದುರಿಗೆ ಇದ್ದಾರೆಯೇ, ಅವರ ಎದುರು ಮಾತು ನಿಲ್ಲುತ್ತದೆಯೇ ಎಂಬುದಕ್ಕೂ ಪ್ರಾಮಾಣಿಕತೆಗೂ ನಂಟಿದೆ.

ಹಿಂಬಾಲಿಸುವವರು ಐದು ಸಾವಿರ ದಾಟಿ ಐವತ್ತು ಸಾವಿರವಾದಾಗ ಈ ಪರೀಕ್ಷಕರು ಗುಂಪಿನಲ್ಲಿ ಕಾಣದಾಗುತ್ತಾರೆ. ಎಡವಟ್ಟು ಶುರುವಾಗುವುದು ಆಗ. ದೂರದ ನೋಟಕರಿಗೆ ಹಳ್ಳಿ ಅಂದರೆ ಹೀಗಿರಬೇಕು ಎಂಬ ಚಿತ್ರ ಇರುತ್ತದೆ, ಆ ಚಿತ್ರಕ್ಕೆ ಹೊಂದುವ ರೀಲ್ ಓಡುತ್ತದೆ. ಗಡಿಯ ಮಾತನ್ನು ಇದ್ದದ್ದಕ್ಕಿಂತ ಒರಟು ಮಾಡುತ್ತಾರೆ, ಅಜ್ಜಿಯನ್ನು ಬೇಕಂತಲೇ ಬೈಯಿಸುತ್ತಾರೆ, ಮನೆಯಲ್ಲಿ ಗ್ಯಾಸ್ ಇದ್ದರೂ ಕ್ಯಾಮೆರಾಕ್ಕೆ ಸೌದೆ ಒಲೆ ಹೊತ್ತಿಸುತ್ತಾರೆ. ಬಡವರಿಗೆ ನೋಟು ಕೊಟ್ಟು ಅವರ ಕಣ್ಣೀರು ಹಿಡಿಯುವ ವಿಡಿಯೊಗಳಂತೂ ಇಡೀ ದೇಶದ ಪಿಡುಗು. ಅಕ್ಕಲಕೋಟದಂಥ ಯಾತ್ರಾ ಸ್ಥಳದಲ್ಲಿ ಅದಕ್ಕೆ ಜಾಗ ಹೇರಳ. 1988ರಿಂದ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳ ಬಂದವರಿಗೆಲ್ಲ ಊಟ ಹಾಕುತ್ತಿದೆ. ಅಲ್ಲಿ ಉಣ್ಣಲು ಕೂತವರ ತಾಟಿಗೆ ಕ್ಯಾಮೆರಾ ಹಿಡಿಯುವವರಿಗೆ ಒಮ್ಮೆಯಾದರೂ ಕೇಳಿ ಹಿಡಿಯಬೇಕೆಂಬ ತಿಳಿವಳಿಕೆ ಇರಬೇಕು.

ಗಡಿಯಲ್ಲಿ ಇನ್ನೊಂದು ಬಗೆಯ ಒತ್ತಡವೂ ಇದೆ, ಹುಟ್ಟಿನಿಂದಲೇ ಅಚ್ಚ ಕನ್ನಡಿಗ ಅಥವಾ ಅಚ್ಚ ಮರಾಠಿಗ ಎಂದು ತೋರಿಸಿಕೊಳ್ಳುವ ಒತ್ತಡ. ಸೊಲ್ಲಾಪುರ ಇದಕ್ಕೆ ಒಳ್ಳೆಯ ಉತ್ತರವನ್ನು ಎಷ್ಟೋ ಹಿಂದೆ ಕೊಟ್ಟಿದೆ. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಜಯದೇವಿತಾಯಿ ಲಿಗಾಡೆ ಆ ಪೀಠದಲ್ಲಿ ಕೂತ ಮೊದಲ ಮಹಿಳೆ. ಹುಟ್ಟಿದ್ದು ಸೊಲ್ಲಾಪುರದಲ್ಲಿ, 1912ರಲ್ಲಿ. ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡವನ್ನು ಆಮೇಲೆ ಕಷ್ಟಪಟ್ಟು ಕಲಿತು ಸಿದ್ಧರಾಮನ ಮೇಲೆ ಪುರಾಣವನ್ನೇ ಬರೆದರು, ಮರಾಠಿಯಲ್ಲಿ ಬರೆಯುವುದನ್ನೂ ಬಿಡಲಿಲ್ಲ. ಇವತ್ತಿನ ಕಮೆಂಟ್ ಪೆಟ್ಟಿಗೆಯಲ್ಲಿ ಅವರಿಗೆ ಯಾರಾದರೂ ‘ಮೊದಲು ಸರಿಯಾಗಿ ಕನ್ನಡ ಕಲಿ’ ಎಂದು ಬರೆದಿದ್ದರೆ, ಕಲಿಯುತ್ತಿದ್ದೇನೆ ಎಂದೇ ಅವರು ಉತ್ತರಿಸಬಹುದಿತ್ತೇನೋ. ಕಲಿಯುವುದನ್ನು ಎಲ್ಲರೆದುರು ತೋರಿಸುವುದಕ್ಕೆ ಅಳುಕಬೇಕಿಲ್ಲ. ಎಲ್ಲವನ್ನೂ ಮೊದಲೇ ಬಲ್ಲವನಂತೆ ನಟಿಸುವ ಖಾತೆಗಿಂತ, ‘ಈ ಶಬ್ದಕ್ಕೆ ನಿಮ್ಮ ಕಡೆ ಏನಂತೀರಿ’ ಎಂದು ಕೇಳುವ ಖಾತೆಯ ಕೆಳಗೆ ಮಾತು ಹೆಚ್ಚು ಬೆಳೆಯುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ದುಡ್ಡಿನ ಮಾತು ಬಂದಾಗ ಮಾತ್ರ ಸಹಜತೆಯ ಪಾಠ ಸಾಲದು, ಕಾನೂನು ಬೇಕು, ಮತ್ತು ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿ 20ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ದುಡ್ಡು, ಪುಕ್ಕಟೆ ವಸ್ತು, ಪ್ರವಾಸ, ರಿಯಾಯಿತಿ, ಬಹುಮಾನ ಯಾವುದನ್ನು ಪಡೆದು ಹೊಗಳಿದರೂ ಅದನ್ನು ಹೇಳಲೇಬೇಕು. ಫೋಟೊ ಆದರೆ ಚಿತ್ರದ ಮೇಲೇ ಕಾಣಬೇಕು, ವಿಡಿಯೊ ಆದರೆ ಬಾಯಲ್ಲೂ ಹೇಳಬೇಕು ಪರದೆಯ ಮೇಲೂ ಬರೆಯಬೇಕು, ಲೈವ್ ಆದರೆ ಪೂರ್ತಿ ಹೊತ್ತು ಕಾಣುತ್ತಿರಬೇಕು. ಹತ್ತಾರು ಹ್ಯಾಷ್‌ಟ್ಯಾಗುಗಳ ನಡುವೆ ಬಚ್ಚಿಡುವಂತಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಸೊಲ್ಲಾಪುರದ ಚಾದರ ಅಂಗಡಿಯೊಂದು ಎರಡು ಚಾದರ ಕೊಟ್ಟು ರೀಲ್ ಮಾಡಿಸಿಕೊಂಡರೂ ಈ ನಿಯಮ ಅನ್ವಯಿಸುತ್ತದೆ ಎಂದರೆ ಸಣ್ಣ ಖಾತೆಯವರು ನಂಬುವುದಿಲ್ಲ. ‘ಈ ಚಾದರ ಅಂಗಡಿಯವರು ಪುಕ್ಕಟೆ ಕೊಟ್ಟಾರ, ಹೊದ್ದು ನೋಡಿ ಹೇಳ್ತೀನಿ’ ಅಂದುಬಿಟ್ಟರೆ ನೋಡುವವರಿಗೆ ಬೇಸರವೇನೂ ಆಗುವುದಿಲ್ಲ, ಓಣಿಯವರಿಗಂತೂ ಮೊದಲೇ ಗೊತ್ತಿರುತ್ತದೆ.

ಹಾಗಾದರೆ ಶುರು ಮಾಡುವವರು ಏನು ಮಾಡಬೇಕು ಎಂದು ಕೇಳುವವರಿಗೆ ಈ ಅಂಕಣದ ಅಭಿಪ್ರಾಯ ಬಹಳ ಸಣ್ಣದು. ಯಾರೋ ಒಬ್ಬ ನಿಜವಾದ ಮನುಷ್ಯನನ್ನು, ಹೆಸರು ಗೊತ್ತಿರುವವನನ್ನು, ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡಬೇಕು. ಕಲಬುರಗಿಯಲ್ಲಿರುವ ಅಕ್ಕ ಇರಬಹುದು, ಭಿವಂಡಿಯ ಮಗ್ಗದಲ್ಲಿರುವ ದೋಸ್ತ ಇರಬಹುದು. ಅವರಿಗೆ ಹೇಳುವಾಗ ಬರುವ ಭಾಷೆಯೇ ಸಾಕು, ಕೆಳಗೆ ಎರಡು ಸಾಲಿನಲ್ಲಿ ದೂರದವರಿಗೆ ಅರ್ಥವಾಗುವಂತೆ ಬರೆದರೆ ಆಯಿತು. ಅವರಿಗೆ ಗೊತ್ತಿರುವ ಸಂಗತಿಯಲ್ಲಿ ಸುಳ್ಳು ಹೇಳಲು ಬಾಯಿ ಬರುವುದಿಲ್ಲ, ಅದೇ ಒಂದು ಕಡಿವಾಣ. ಮನೆಯ ದುಃಖವನ್ನೆಲ್ಲ ತೋಡಿಕೊಳ್ಳಬೇಕೆಂದು ಎಲ್ಲೂ ಬರೆದಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ, ಮಸಣದ ದಾರಿಯಿಂದ ಲೈವ್ ಮಾಡುವುದು ಪ್ರಾಮಾಣಿಕತೆಯ ಪಟ್ಟಿಗೆ ಯಾಕೆ ಸೇರಿತೋ ತಿಳಿಯದು.

ಇನ್ನು ಉಳಿದದ್ದು ತಿದ್ದುಪಡಿಯ ಪ್ರಶ್ನೆ. ಯಾತ್ರೆಯ ವಿಡಿಯೊ ಮಾಡುವವರಿಗೆ ಇದು ದಿನನಿತ್ಯದ ತಲೆನೋವು: ಅಕ್ಕಲಕೋಟ ರೋಡ್ ಸ್ಟೇಷನ್ನಿನಿಂದ ಊರಿಗೆ ಆಟೊ ಬಾಡಿಗೆ ಇಷ್ಟು, ಅಲ್ಲಿಂದ ಗಾಣಗಾಪುರಕ್ಕೆ ಇಷ್ಟು ಎಂದು ಹೇಳಿರುತ್ತಾರೆ, ಒಂದು ತಿಂಗಳಲ್ಲಿ ಬದಲಾಗಿರುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ಒಮ್ಮೆ ಹಾಕಿದ ವಿಡಿಯೊವನ್ನು ಬದಲಿಸಲು ಬರುವುದಿಲ್ಲ, ಕೆಳಗಿನ ಬರಹವನ್ನು ಮಾತ್ರ ತಿದ್ದಬಹುದು. ಯೂಟ್ಯೂಬಿನಲ್ಲಿ ತಪ್ಪಿದ ತುಣುಕನ್ನು ಕತ್ತರಿಸಬಹುದು, ಶೀರ್ಷಿಕೆ ತಿದ್ದಬಹುದು, ಅದೇ ಕೊಂಡಿಯಲ್ಲಿ ಬೇರೆ ವಿಡಿಯೊ ಇಡಲಾಗದು. ಎರಡರಲ್ಲೂ ಇರುವ ಅನುಕೂಲವೆಂದರೆ ಒಂದು ಕಮೆಂಟನ್ನು ಎಲ್ಲಕ್ಕಿಂತ ಮೇಲೆ ಪಿನ್ ಮಾಡುವುದು. ‘ಈಗ ಇಷ್ಟು ತಗೊಳಾಕತ್ತಾರ’ ಎಂದು ಯಾರೋ ಆಟೊದವನೇ ಬರೆದಿದ್ದರೆ ಅದನ್ನು ಅವನ ಹೆಸರಿನಲ್ಲೇ ಮೇಲೆ ಇಡುವುದು ಒಳ್ಳೆಯದು. ಮುಂದಿನ ದತ್ತ ಜಯಂತಿಗೆ ನಾಸಿಕದಿಂದ ಹೊರಟ ಕುಟುಂಬ ಹಳೆಯ ವಿಡಿಯೊ ತೆರೆದಾಗ ಮೊದಲು ಕಾಣುವುದು ಅದು.